ಕಾಫಿಯ ಯಂತ್ರವೂ ಬಂಗಾರಪೇಟೆಯ ನೀರೂ

ಹಳೆಯ ವಸ್ತುವೊಂದು ಕೆಟ್ಟು ನಿಂತರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುವುದು ಲೋಕರೂಢಿ. ಎಸೆದು ಹೊಸದನ್ನು ತರೋಣವೆಂಬುದು ಒಂದು ಪಕ್ಷ. ಕೆಟ್ಟಿರುವುದೇನೆಂದು ಮೊದಲು ನೋಡೋಣವೆಂಬುದು ಇನ್ನೊಂದು. ಮೊದಲನೆಯದಕ್ಕೆ ಹಣವೊಂದಿದ್ದರೆ ಸಾಕು. ಎರಡನೆಯದಕ್ಕೆ ತಾಳ್ಮೆ ಬೇಕು. ಬಂಗಾರಪೇಟೆಯಲ್ಲಿ ರೈಲ್ವೆ ನಿಲ್ದಾಣಕ್ಕೆ ಅನತಿದೂರದಲ್ಲಿರುವ ಒಂದು ಹೆಂಚಿನ ಮನೆಯಲ್ಲಿ ಈಚೆಗೆ ಈ ಎರಡು ಪಕ್ಷಗಳಿಗೂ ವಾದ ನಡೆಯಿತು. ವಾದಕ್ಕೆ ವಿಷಯವಾದದ್ದು ಕಾಫಿಯನ್ನಿಳಿಸುವ ಒಂದು ಯಂತ್ರ. ಆದರೆ ವಾದವು ಯಂತ್ರದಲ್ಲಿಯೇ ನಿಲ್ಲಲಿಲ್ಲ.

ಆ ಮನೆಯ ಯಜಮಾನರು ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತೈದನ್ನು ದಾಟಿದೆ. ಅವರ ಒಬ್ಬನೇ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮೊದಮೊದಲು ಅವನೂ ಈ ಸೀಮೆಯ ಸಾವಿರಾರು ಜನರಂತೆ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿಯ ರೈಲಿನಲ್ಲಿ ಹಿಂದಿರುಗುತ್ತಿದ್ದನು. ೨೦೧೦ರಲ್ಲಿ ಅಲ್ಲಿಯೇ ಮನೆ ಮಾಡಿದನು. ಹೋಗುವ ಮುನ್ನ, ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಕೊಂಡಿದ್ದ ಇಟಲಿ ದೇಶದ ಈ ಯಂತ್ರವನ್ನು ತಂದೆಗೆಂದು ತಂದಿಟ್ಟನು. ಆಗಲೇ ಅದು ಹೊಸದಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ, ಮನೆಯಾಕೆಯ ಹಿತ್ತಾಳೆಯ ಫಿಲ್ಟರಿನ ಪಕ್ಕದಲ್ಲಿ, ಅದಕ್ಕೊಂದು ಸ್ಥಳವಾಯಿತು. ಬೆಳಗಿನ ಕಾಫಿ ಫಿಲ್ಟರಿನದು. ಮಧ್ಯಾಹ್ನ ಮೂರು ಗಂಟೆಯದು ಯಂತ್ರದ್ದು. ಭಾನುವಾರ ಮಗ ಬಂದಾಗ ಯಂತ್ರವನ್ನು ನಡೆಸುವ ಅಧಿಕಾರ ಅವನಿಗೆ. ತಂದೆಮಕ್ಕಳು ಸ್ವಭಾವತಃ ಮಿತಭಾಷಿಗಳು. ಅವರು ಆಡುತ್ತಿದ್ದ ಮಾತೆಲ್ಲ ಆ ಯಂತ್ರದ ಮುಂದೆ ನಿಂತು ಆಡಿದ್ದೇ ಎಂದರೆ ತಪ್ಪಾಗದು.

ನಮ್ಮ ಮದುವೆಯ ಮನೆಗಳಲ್ಲಿ ಎಕ್ಸ್‌ಪ್ರೆಸೊ ಎಂದು ಹೆಸರಾಗಿರುವುದು ಹಾಲುಕಾಫಿಗೆ ಉಗಿಯನ್ನು ಹಾಯಿಸಿ ನೊರೆಯೆಬ್ಬಿಸಿದ ಪಾನೀಯ. ಇಟಲಿಯವರ ಎಸ್ಪ್ರೆಸೊ ಅದಲ್ಲ. ಟ್ಯೂರಿನ್ ಪಟ್ಟಣದ ಆಂಜೆಲೊ ಮೊರಿಯೊಂಡೊ ಎಂಬಾತನು ೧೮೮೪ರಲ್ಲಿ ಉಗಿಯ ಬಲದಿಂದ ಕಾಫಿಯನ್ನಿಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದು ಬಟ್ಟಲಿಗೆ ಬೇರೆಬೇರೆಯಾಗಿ ಇಳಿಯುವಂತೆ ಮಾರ್ಪಡಿಸಿದನು. ಬರಿಯ ಉಗಿಯಿಂದ ಸಾಕಷ್ಟು ಒತ್ತಡ ಬಾರದು, ಬಂದಷ್ಟಕ್ಕೂ ಕಾಫಿ ಸುಟ್ಟಂತಾಗುವುದು. ಈ ದೋಷವನ್ನು ಪರಿಹರಿಸಿದವನು ಆಕಿಲ್ಲೆ ಗಾಜ್ಜಿಯಾ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅವನ ಸನ್ನೆಕೋಲಿನ ಯಂತ್ರಗಳು ಅಂಗಡಿಗಳಿಗೆ ಬಂದುವು. ೧೯೬೧ರಲ್ಲಿ ಸನ್ನೆಕೋಲಿನ ಕೆಲಸವನ್ನು ವಿದ್ಯುತ್ ಪಂಪು ವಹಿಸಿಕೊಂಡಿತು. ಮನೆಯ ಯಂತ್ರವು ಇವೆಲ್ಲದರ ಕಿರಿಯ ಸಂತತಿ.

ಅದರ ಕ್ರಮ ಸರಳವಾದುದು. ತೊಟ್ಟಿಯ ನೀರನ್ನು ಪಂಪು ಎಳೆದು ಪುಟ್ಟದೊಂದು ಬಾಯ್ಲರಿಗೆ ನೂಕುವುದು. ಬಾಯ್ಲರು ಅದನ್ನು ಕುದಿಯುವ ಹದಕ್ಕಿಂತ ಸ್ವಲ್ಪ ಕೆಳಗೆ, ೯೦ರಿಂದ ೯೫ ಡಿಗ್ರಿಯವರೆಗೆ, ಕಾಯಿಸುವುದು. ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ವಾಲ್ವಿನ ಮೂಲಕ ನೀರು ಜಾಲರಿಯನ್ನು ಹಾದು, ಹಿಡಿಯುಳ್ಳ ಬಟ್ಟಲಿನಲ್ಲಿ ಒತ್ತಿಟ್ಟ ಪುಡಿಯ ಮೇಲೆ ಬೀಳುವುದು. ಒತ್ತಡವು ಸುಮಾರು ೯ ವಾಯುಭಾರದಷ್ಟು. ೯೦ ಮೀಟರು ಆಳದ ಬಾವಿಯ ತುಂಬ ನೀರಿದ್ದರೆ ಅದರ ತಳದಲ್ಲಿ ಎಷ್ಟು ಭಾರವಿರುವುದೋ ಅಷ್ಟು ಭಾರವು ಒಂದು ಹಿಡಿ ಪುಡಿಯ ಮೇಲೆ ಕೂಡುವುದು. ೨೫–೩೦ ಸೆಕೆಂಡುಗಳಲ್ಲಿ ಕಷಾಯ ಇಳಿದುಹೋಗುವುದು. ನಮ್ಮ ಫಿಲ್ಟರು ರಾತ್ರಿಯೆಲ್ಲ ತೊಟ್ಟಿಕ್ಕುತ್ತ ಮಾಡುವ ಕೆಲಸವನ್ನು ಇದು ಬಲಾತ್ಕಾರದಿಂದ ಅರೆನಿಮಿಷದಲ್ಲಿ ಮಾಡಿಸುವುದು. ಬಲಾತ್ಕಾರವಿರುವೆಡೆ ಸವಕಳಿಯೂ ಉಂಟು.

ಒಂದು ಬೇಸಗೆಯಲ್ಲಿ ಯಂತ್ರದ ಧ್ವನಿ ಬದಲಾಯಿಸಿತು. ಗುಂಯ್ಗುಡುತ್ತಿದ್ದುದು ಗೊರಗುಟ್ಟತೊಡಗಿತು. ಕಷಾಯವು ಧಾರೆಯಾಗಿ ಇಳಿಯದೆ ತೊಟ್ಟುತೊಟ್ಟಾಯಿತು, ಬಟ್ಟಲಿನ ಅಂಚಿನಿಂದ ನೀರು ಜಿನುಗಿತು, ಕಾಫಿ ಉಗುರುಬೆಚ್ಚಗಾಯಿತು. ಯಜಮಾನರು ಪಂಪೇ ಕೆಟ್ಟಿದೆಯೆಂದು ನಿಶ್ಚಯಿಸಿದರು. ನಿಶ್ಚಯಕ್ಕೆ ಇದ್ದ ಆಧಾರ, ಶಬ್ದವು ಅಲ್ಲಿಂದ ಬರುತ್ತಿದ್ದಿತೆಂಬುದೊಂದೇ. ಹೊಸ ಪಂಪನ್ನು ತರಿಸಿ, ಎರಡು ದಿನ ಹೆಣಗಿ, ತಾವೇ ಕೂಡಿಸಿದರು. ಯಂತ್ರವು ಮೊದಲಿನಂತೆಯೇ ಗೊರಗುಟ್ಟಿತು.

ಆ ಭಾನುವಾರ ಮಗ ಬಂದು ನೋಡಿ, “ಸಾಕು, ಅಪ್ಪ. ಇದರ ಆಯುಸ್ಸು ಮುಗಿಯಿತು. ಹೊಸದನ್ನು ತರುತ್ತೇನೆ” ಎಂದನು. ತಂದೆ ಸುಮ್ಮನಿದ್ದರು. ಮಗನು ತಡೆದು ತಡೆದು ಮುಂದಿನ ಮಾತನ್ನೂ ಆಡಿದನು: “ಹೊಸದನ್ನು ಇಲ್ಲಿಗೆ ತರುವುದೇಕೆ? ನೀವಿಬ್ಬರೂ ಅಲ್ಲಿಗೇ ಬಂದುಬಿಡಿ. ಈ ಮನೆಯೂ ಹಳೆಯದಾಯಿತು.”

ಮಗನ ಮಾತು ನಿರ್ದಯವಾದುದಲ್ಲ. ಹಿಂದಿನ ಚಳಿಗಾಲದಲ್ಲಿ ತಂದೆ ಹಿತ್ತಲ ಮೆಟ್ಟಿಲಿನಲ್ಲಿ ಜಾರಿ ಬಿದ್ದಿದ್ದರು. ಆ ರಾತ್ರಿ ವಾಹನ ದೊರೆಯುವುದಕ್ಕೆ ಒಂದು ಗಂಟೆ ಹಿಡಿದಿತ್ತು. ಅದನ್ನು ನೆನೆದರೆ ಈಗಲೂ ಅವನಿಗೆ ನಿದ್ರೆ ಬಾರದು. ಆದರೆ ತಂದೆಯ ಕಿವಿಗೆ ಯಂತ್ರ, ಮನೆ, ತಾವು ಮೂವರೂ ಒಂದೇ ವಾಕ್ಯದಲ್ಲಿ ಮುದಿಯಾದಂತೆ ಕೇಳಿಸಿತು. “ಮೊದಲು ಇದು ಕೆಟ್ಟಿದೆಯೋ ಇಲ್ಲವೋ ತಿಳಿಯಲಿ, ಆಮೇಲೆ ಮಿಕ್ಕದ್ದು” ಎಂದರು. ಹೀಗೆ ಒಂದು ಕಾಫಿಯ ಯಂತ್ರದ ಮೇಲೆ, ಅದಕ್ಕೆ ಸಲ್ಲದ ಭಾರವೊಂದು ಬಿದ್ದಿತು.

ಬಂಗಾರಪೇಟೆಯಿಂದ ಚಿನ್ನದ ಗಣಿಗಳ ಕಡೆಗೆ ಕವಲಾಗಿ ಹೋಗುವ ರೈಲುದಾರಿ ೧೮೯೪ರಷ್ಟು ಹಳೆಯದು. ಮರುದಿನ ಯಜಮಾನರು ಅದೇ ದಾರಿಯಲ್ಲಿ ಕೋರಮಂಡಲ, ಊರ್ಗಾಂಗಳನ್ನು ದಾಟಿ ಚಾಂಪಿಯನ್ ನಿಲ್ದಾಣದಲ್ಲಿಳಿದರು. ಅಲ್ಲಿ ಗಣಿಯ ಸಾಲುಮನೆಯೊಂದರಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ತರಿಸಿಕೊಂಡ, ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದ ಆ ಗಣಿಗಳಲ್ಲಿ, ಈ ಮೇಸ್ತ್ರಿಯ ತಾತ, ತಂದೆ, ತಾನು ಎಂದು ಮೂರು ತಲೆಮಾರು ದುಡಿದಿದೆ. ಅವರ ಪಾಲಿಗೆ ಬಂದದ್ದು ಪಂಪುಗಳ ಕೆಲಸ. ಗಣಿಗೆ ನೀರೇ ಶತ್ರು. ಹಗಲಿರುಳು ಅದನ್ನೆತ್ತಿ ಹೊರಗೆ ಹಾಕುತ್ತಿರಬೇಕು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಪಂಪುಗಳು ನಿಂತ ಮೇಲೆ ಆ ಆಳವನ್ನೆಲ್ಲ ನೀರು ತುಂಬಿಕೊಂಡಿತು. ಆಗ ಮೇಸ್ತ್ರಿಗೆ ನಲವತ್ತರ ಆಸುಪಾಸು. ಅಂದಿನಿಂದ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಮಿಕ್ಸಿ, ಗ್ರೈಂಡರು, ನೀರೆತ್ತುವ ಮೋಟಾರುಗಳನ್ನು ಸರಿಪಡಿಸುತ್ತ ಮಕ್ಕಳನ್ನು ದಡಮುಟ್ಟಿಸಿದ್ದಾರೆ.

ಯಂತ್ರವನ್ನು ಹೊತ್ತು ತರಲೆ ಎಂದು ಯಜಮಾನರು ಕೇಳಿದುದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. “ಬೇಡಿ ಸಾರ್. ಅದು ಇರೋ ಕಡೆಯೇ ನೋಡಬೇಕು. ಅದು ಕುಡಿಯೋ ನೀರೂ ಅಲ್ಲಿಯದೇ ಆಗಬೇಕು” ಎಂದರು.

ಬುಧವಾರ ಮೇಸ್ತ್ರಿ ಬಂದರು. ಸ್ಪ್ಯಾನರಿನ ಚೀಲವನ್ನು ಬಾಗಿಲ ಬಳಿಯೇ ಇಟ್ಟು, ವೈದ್ಯನು ರೋಗಿಯನ್ನು ಕೇಳುವಂತೆ ಕೇಳತೊಡಗಿದರು. ಧ್ವನಿ ಒಮ್ಮೆಲೇ ಬದಲಾಯಿತೋ ದಿನದಿನಕ್ಕೋ? ಪುಡಿಯಲ್ಲಿ ಚಿಕೋರಿ ಬೆರೆತಿದೆಯೋ? ಮೊದಲು ಏನೇನು ಬಿಚ್ಚಿದ್ದೀರಿ? ಈ ಕಡೆಯ ಪ್ರಶ್ನೆಗೆ ಯಜಮಾನರು ಪಂಪಿನ ಕಥೆಯನ್ನು ಹೇಳಬೇಕಾಯಿತು. ಮೇಸ್ತ್ರಿ ನಗಲಿಲ್ಲ, ಹಳೆಯ ಪಂಪನ್ನು ಎಸೆಯಲಿಲ್ಲವಷ್ಟೆ ಎಂದು ಮಾತ್ರ ಕೇಳಿದರು.

ಆಮೇಲೆ ಏನನ್ನೂ ಬಿಚ್ಚದೆ ಎರಡು ಪರೀಕ್ಷೆಗಳನ್ನು ನಡೆಸಿದರು. ಮೊದಲು ಪುಡಿಯ ಬಟ್ಟಲನ್ನು ತೆಗೆದಿಟ್ಟು ಬರಿಯ ನೀರನ್ನು ಬಿಡಿಸಿದರು. ಪುಡಿ ಅತಿ ನುಣುಪಾಗಿದ್ದುದರಿಂದ ಅಡ್ಡಿಯಾಗಿದ್ದರೆ ಈಗ ನೀರು ಸರಾಗವಾಗಿ ಬೀಳಬೇಕು. ಬೀಳಲಿಲ್ಲ; ತೊಟ್ಟಿಕ್ಕಿತು. ಆದುದರಿಂದ ದೋಷ ಪುಡಿಯದಲ್ಲ. ಎರಡನೆಯದಾಗಿ, ಪಕ್ಕದ ಉಗಿಯ ಕೊಳವೆಯನ್ನು ತಿರುಗಿಸಿ ತೆರೆದು ಅದೇ ಪಂಪನ್ನು ನಡೆಸಿದರು. ಬಿಸಿನೀರು ರಭಸದಿಂದ ಪಾತ್ರೆಗೆ ಸುರಿಯಿತು. “ನೋಡಿ ಸಾರ್, ತೊಟ್ಟಿ ಸರಿ, ಪಂಪು ಸರಿ, ಬಾಯ್ಲರಿನವರೆಗೂ ದಾರಿ ಸರಿ. ಬಾಯ್ಲರಿಂದ ಜಾಲರಿಗೆ ಬರೋ ಆ ನಾಲ್ಕು ಬೆರಳು ದಾರೀಲಿ ಏನೋ ಕಟ್ಟಿದೆ. ಹೋಗೋಕೆ ದಾರಿ ಇಲ್ಲದ ನೀರು ಹಿಂದಕ್ಕೆ ತೊಟ್ಟಿಗೇ ಬೀಳ್ತಾ ಇದೆ. ಅದಕ್ಕೇ ಪಂಪು ಅರಚುತ್ತೆ. ಅರಚೋದೆಲ್ಲ ಕೆಟ್ಟಿರೋದಿಲ್ಲ.”

ತರ್ಕವನ್ನೋದಿದವರು ಅನ್ವಯವ್ಯತಿರೇಕವೆಂಬುದನ್ನು ಬಲ್ಲರು. ಒಂದಿದ್ದರೆ ಇನ್ನೊಂದು ಇರುವುದು, ಅದಿಲ್ಲದೆಡೆ ಇದೂ ಇಲ್ಲದಿರುವುದು. ಈ ಎರಡನ್ನೂ ಕಂಡಮೇಲೆ ಕಾರಣವನ್ನು ಗೊತ್ತುಮಾಡಬೇಕು. ಹೊಗೆ ಬೆಂಕಿಗಳ ನಂಟಿಗೆ ಶಾಸ್ತ್ರಕಾರರು ಕೊಡುವ ದೃಷ್ಟಾಂತವೂ ಅಡಿಗೆಮನೆಯೇ. ಮೇಸ್ತ್ರಿಗೆ ಆ ಶಾಸ್ತ್ರದ ಹೆಸರು ತಿಳಿಯದು; ಕೈಗೆ ತಿಳಿದಿದ್ದಿತು. ಯಜಮಾನರು ಪಂಪು ಇರುವೆಡೆ ಶಬ್ದವಿರುವುದನ್ನು ಮಾತ್ರ ಕಂಡಿದ್ದರು; ಶಬ್ದವಿಲ್ಲದಂತೆ ಪಂಪು ನಡೆಯುವ ಸಂದರ್ಭವೊಂದುಂಟೋ ಎಂದು ನೋಡಿರಲಿಲ್ಲ. ಒಂದು ಕೊಳವೆಯನ್ನು ತಿರುಗಿಸಿದ್ದರೆ ಹೊಸ ಪಂಪಿನ ಹಣ ಉಳಿಯುತ್ತಿದ್ದಿತು.

ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಉಗಿಯ ಕೊಳವೆಯನ್ನು ತೆರೆದು ಒಳಗಿನ ಒತ್ತಡವನ್ನು ಹೊರಗೆ ಬಿಟ್ಟು, ಯಂತ್ರವು ಪೂರ್ಣವಾಗಿ ತಣಿದ ಮೇಲೆಯೇ ಮೇಸ್ತ್ರಿ ಸ್ಪ್ಯಾನರನ್ನು ಹಿಡಿದರು. ಜಾಲರಿಯ ಮೊಳೆ ಒಂದು ಗಂಟೆ ಹಟಮಾಡಿತು. ಬಿಚ್ಚಿದಾಗ ಅದರ ಹಿಂದೆ ಬಿಳಿಯ ಹಕ್ಕಳೆಗಳು, ಮೊಟ್ಟೆಯ ಚಿಪ್ಪಿನ ಚೂರುಗಳಂತೆ, ಉದುರಿದುವು. ವಾಲ್ವಿನೊಳಗಿನ ರಂಧ್ರವು ಸೂಜಿಯ ಗಾತ್ರದ್ದು. ಅದರಲ್ಲಿ ಅಂಥದೇ ಚೂರೊಂದು ಬೆಣೆಯಂತೆ ಕುಳಿತಿದ್ದಿತು. ಬಾಯ್ಲರಿನ ಒಳಗೆ ಕಾಯಿಸುವ ಸುರುಳಿಯ ಮೇಲೆ ಸುಣ್ಣ ಬಳಿದಂತೆ ಪೊರೆ. ಆ ಪೊರೆ ಶಾಖವನ್ನು ನೀರಿಗೆ ಹಾಯಗೊಡದು. ಕಾಫಿ ತಣ್ಣಗಾದುದಕ್ಕೆ ಅದೇ ಕಾರಣ. ಬಟ್ಟಲಿನ ಅಂಚಿಗೆ ಕೂಡುವ ರಬ್ಬರು ಬಳೆ ವರ್ಷಗಳ ಬಿಸಿಗೆ ಕಲ್ಲಾಗಿದ್ದಿತು, ಮುಟ್ಟಿದರೆ ಮುರಿಯಿತು. ಜಿನುಗಿದುದಕ್ಕೆ ಕಾರಣ ಅದು.

ಯಜಮಾನರು ಹಕ್ಕಳೆಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಆಗ ಮನೆಯಾಕೆ ಬಾಗಿಲಲ್ಲಿ ನಿಂತು, “ಇದೇನು ಹೊಸದೆ? ಹಂಡೆಯೊಳಗೆ ವರ್ಷಾವರ್ಷ ಕೆರೆದು ತೆಗೆಯುವುದು ಇದನ್ನೇ ಅಲ್ಲವೆ? ಈ ಬೋರಿನ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ” ಎಂದರು.

ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟರು. “ಯಂತ್ರಕ್ಕೆ ಯಾವ ನೀರು ಹಾಕ್ತೀರಮ್ಮ?”

“ಬೇಳೆಗೂ ನನ್ನ ಫಿಲ್ಟರಿಗೂ ಕ್ಯಾನಿನ ನೀರು. ಯಂತ್ರಕ್ಕೆ ನಲ್ಲಿಯದು. ಯಂತ್ರಕ್ಕೇಕೆ ಕೊಂಡ ನೀರು ಎಂದು ಇವರೇ ಹೇಳಿದ್ದು.”

ಅಡಿಗೆಮನೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಪಾಲಾರು ಹೆಸರಿಗೆ ಮಾತ್ರ ನದಿ. ಕೆರೆಗಳು ಬತ್ತಿದಂತೆಲ್ಲ ಜನ ಬಂಡೆಯನ್ನು ಕೊರೆದು ಸಾವಿರ ಅಡಿಗೂ ಕೆಳಗಿನ ನೀರನ್ನೆತ್ತಿದರು. ಬಂಡೆಯ ನಡುವೆ ಬಹುಕಾಲ ನಿಂತ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡು ಬರುವುದು. ಕಾಯಿಸಿದೊಡನೆ ಅದನ್ನು ಪಾತ್ರೆಯ ಮೈಗೆ ಅಂಟಿಸಿ ಹೋಗುವುದು. ಇದನ್ನು ಮನೆಯಾಕೆ ಬೇಳೆಯಿಂದ ಬಲ್ಲವರಾಗಿದ್ದರು. ಯಜಮಾನರೂ ಬಲ್ಲದವರಲ್ಲ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಉಗಿಬಂಡಿಗಳು ಇನ್ನೂ ಓಡುತ್ತಿದ್ದುವು. ನಿಯತವಾದ ದಿನಗಳಿಗೊಮ್ಮೆ ಬಾಯ್ಲರನ್ನು ತೊಳೆಯದೆ ಯಾವ ಬಂಡಿಯನ್ನೂ ದಾರಿಗೆ ಬಿಡುತ್ತಿರಲಿಲ್ಲ. ನೂರು ಟನ್ನಿನ ಯಂತ್ರಕ್ಕೆ ಸಲ್ಲುವ ನಿಯಮ ಅಂಗೈಯಗಲದ ಬಾಯ್ಲರಿಗೂ ಸಲ್ಲುವುದೆಂದು ಅವರಿಗೆ ತೋರಿರಲಿಲ್ಲ. ಕ್ಯಾನೊಂದಕ್ಕೆ ಕೊಡುವ ಅಲ್ಪ ಹಣವನ್ನು ಉಳಿಸಹೋಗಿ ಹದಿನೈದು ವರ್ಷ ಯಂತ್ರಕ್ಕೆ ಕಲ್ಲನ್ನು ಕುಡಿಸಿದ್ದರು.

ಚಿಕಿತ್ಸೆ ದೀರ್ಘವಾಗಿದ್ದರೂ ಕಷ್ಟದ್ದಲ್ಲ. ಕಿರಾಣಿ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನು ಒಂದು ಲೀಟರಿಗೆ ೨೦ ಗ್ರಾಮಿನಂತೆ ಕರಗಿಸಿದರು. ವಾಲ್ವಿನ ಬಿಡಿಭಾಗಗಳನ್ನೂ ಜಾಲರಿಯನ್ನೂ ಅದರಲ್ಲಿ ನೆನೆಯಹಾಕಿದರು. ಸುಣ್ಣವು ನೊರೆಯಾಗಿ ಬುಸುಗುಟ್ಟಿತು. ಅವನ್ನು ಮತ್ತೆ ಕೂಡಿಸಿ, ಉಳಿದ ದ್ರಾವಣವನ್ನು ಬಾಯ್ಲರಿಗೆ ತುಂಬಿ ಕಾಲು ಗಂಟೆ ಬಿಟ್ಟು ಹೊರಗೆ ಹರಿಸಿದರು. ಹೀಗೆ ನಾಲ್ಕು ಸಲ. ಹೆಚ್ಚು ಹೊತ್ತು ಬಿಟ್ಟರೆ ಹುಳಿಯು ಸುಣ್ಣದೊಡನೆ ಲೋಹವನ್ನೂ ತಿನ್ನುವುದೆಂದು ಮೇಸ್ತ್ರಿ ಎಚ್ಚರಿಸಿದರು. ಅನಂತರ ಮೂರು ತೊಟ್ಟಿ ಒಳ್ಳೆಯ ನೀರಿನಿಂದ ತೊಳೆದರು. ರಬ್ಬರು ಬಳೆಗೆ ಹಳೆಯದರ ದಪ್ಪವನ್ನೂ ಸುತ್ತಳತೆಯನ್ನೂ ಅಳೆದುಕೊಂಡು ಹೋಗಿ, ಶನಿವಾರ ಹೊಸದನ್ನು ತಂದು ಕೂಡಿಸಿದರು. ಹೊಸ ಪಂಪನ್ನು ಇದ್ದಂತೆಯೇ ಬಿಟ್ಟು ಹಳೆಯದನ್ನು ಕಾಗದದಲ್ಲಿ ಸುತ್ತಿ, “ಇದು ಸತ್ತಿಲ್ಲ; ಇಟ್ಟಿರಿ. ಮುಂದೆ ಬೇಕಾಗುತ್ತೆ” ಎಂದು ಯಜಮಾನರ ಕೈಗೆ ಕೊಟ್ಟರು.

ಗುಂಡಿಯನ್ನೊತ್ತಿದಾಗ ಪಂಪು ಗುಂಯ್ಗುಟ್ಟಿತು. ಇಲಿಯ ಬಾಲದಷ್ಟು ಸಣ್ಣ ಧಾರೆಯಾಗಿ, ಜೇನಿನ ಬಣ್ಣದ ನೊರೆಯನ್ನು ಹೊತ್ತು, ಕಷಾಯವಿಳಿಯಿತು. ಯಜಮಾನರ ಮುಖವರಳಿದುದನ್ನು ಕಂಡ ಮೇಸ್ತ್ರಿ, ಆ ಸಂತೋಷಕ್ಕೆ ಒಂದು ಮೇರೆಯನ್ನಿಡುವುದು ತಮ್ಮ ಕರ್ತವ್ಯವೆಂದು ಭಾವಿಸಿದಂತೆ ತೋರಿತು. “ಪೂರಾ ಗುಣವಾಯ್ತು ಅಂತ ನಾನು ಹೇಳೋದಿಲ್ಲ ಸಾರ್. ಬಾಯ್ಲರಿನ ಒಳಮೈ ತಿಂದುಹೋಗಿದೆ. ಮೊಳೆ ಕೂಡೋ ಸುತ್ತು ಸವೆದಿದೆ. ಇನ್ನೊಂದೆರಡು ಸಲ ಬಿಚ್ಚಿದರೆ ಹಿಡಿಯೋದಿಲ್ಲ. ಐದು ವರ್ಷವೋ ಐದು ತಿಂಗಳೋ ಗೊತ್ತಿಲ್ಲ. ನೀರು ಬದಲಾಯಿಸಿದರೆ ಅದರ ಪಾಲಿನದು ಅದಕ್ಕೆ ಸಿಗುತ್ತೆ.”

ಕೂಲಿಯ ಮಾತು ಬಂದಾಗ ಅವರು ಸಂಕೋಚವಿಲ್ಲದೆ ಮೊತ್ತವನ್ನು ಹೇಳಿದರು. ಹೆಚ್ಚಾಗಿ ಕೊಡಹೋದುದನ್ನು ಹಿಂದಿರುಗಿಸಿದರು. “ಬಿಟ್ಟಿ ಮಾಡಿದ ಕೆಲಸಕ್ಕೆ ನೀವು ತಪ್ಪು ಹೇಳೋ ಹಾಗಿಲ್ಲ, ಜಾಸ್ತಿ ತೊಗೊಂಡ ಕೆಲಸಕ್ಕೆ ನಾನು ತಲೆ ಎತ್ತೋ ಹಾಗಿಲ್ಲ” ಎಂದರು. ಕಾಫಿಯನ್ನು ಕುಡಿದು, ಲೋಟವನ್ನು ನೋಡಿ, ಗಣಿ ಮುಚ್ಚಿದ ದಿನದ ಮಾತೊಂದನ್ನು ತಾವಾಗಿಯೇ ಹೇಳಿದರು. ಆ ದಿನ ಅವರ ಕೈಯಲ್ಲಿದ್ದ ಪಂಪುಗಳಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲವಂತೆ. “ನಿಲ್ಲಿಸಿದ್ದು ಬೇರೆ, ಕೆಟ್ಟದ್ದು ಬೇರೆ ಸಾರ್” ಎಂದು ಚೀಲವನ್ನು ಹೆಗಲಿಗೇರಿಸಿ ನಿಲ್ದಾಣದ ಕಡೆಗೆ ನಡೆದರು.

ಭಾನುವಾರ ಮಗ ಬಂದನು. ಬಾಗಿಲಲ್ಲಿಯೇ ಯಂತ್ರದ ಧ್ವನಿ ಕೇಳಿ ನಿಂತನು. ತಂದೆ ಲೋಟವನ್ನು ಕೈಗೆ ಕೊಟ್ಟು, ಪಂಪಿನ ವಿಷಯದಲ್ಲಿ ತಾವು ಮೋಸಹೋದುದನ್ನೂ ನೀರಿನ ವಿಷಯದಲ್ಲಿ ಜುಗ್ಗತನ ಮಾಡಿದುದನ್ನೂ ಮರೆಮಾಚದೆ ಹೇಳಿದರು. ಮಗನು ತಂದೆಯ ಬಾಯಿಂದ ತಪ್ಪೊಪ್ಪಿಗೆಯನ್ನು ಕೇಳಿದುದು ಅದೇ ಮೊದಲು. ಅವನು ಗೆದ್ದವನಂತೆ ನಗಲಿಲ್ಲ. “ಹಾಗಾದರೆ ಮನೆಯ ಮಾತು?” ಎಂದು ಮೆಲ್ಲನೆ ಕೇಳಿದನು.

ಯಂತ್ರ ಸರಿಯಾದುದರಿಂದ ಆ ಮಾತೂ ಮುಗಿಯಿತೆನ್ನಬಹುದಾಗಿತ್ತು, ಯಜಮಾನರು ಹಾಗೆನ್ನಲಿಲ್ಲ. ಮೇಸ್ತ್ರಿಯಿಂದ ಅವರು ಕಲಿತದ್ದು ಅದಲ್ಲ. “ಅದನ್ನೂ ಬಿಚ್ಚುವ ಮೊದಲು ಕೇಳೋಣ. ಇಲ್ಲಿರುವುದರಲ್ಲಿ ಕೆಟ್ಟಿರುವುದು ಏನೇನು? ಒಂದೊಂದಾಗಿ ಹೇಳು” ಎಂದರು. ಮಗನು ಹೇಳುತ್ತ ಹೋದನು. ತಾಯಿಯೂ ಬಂದು ಕುಳಿತರು. ಹಿತ್ತಲ ಮೆಟ್ಟಿಲು: ಅದಕ್ಕೆ ಕಬ್ಬಿಣದ ಹಿಡಿಗಂಬಿಯೊಂದಾದರೆ ಸಾಕು. ಬೇಸಗೆಯ ನೀರು: ಹೆಂಚಿನ ಸೂರಿನಿಂದ ಬೀಳುವ ಮಳೆಯ ನೀರನ್ನು ಹಿಡಿಯಲು ತೊಟ್ಟಿ ಬೇಕು, ಮಳೆಯ ನೀರಿನಲ್ಲಿ ಬೇಳೆಯೂ ಬೇಯುವುದು, ಬಾಯ್ಲರೂ ಕಟ್ಟದು. ರಾತ್ರಿ ಅಸ್ವಸ್ಥವಾದರೆ ವಾಹನ: ಬೀದಿಯಲ್ಲಿ ಆಟೋ ಇರುವ ಇಬ್ಬರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಇಬ್ಬರಲ್ಲಿ ಒಬ್ಬರೇ ಉಳಿದರೆ? ಈ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಸವೆದ ಸುತ್ತನ್ನು ಮೇಸ್ತ್ರಿ ಸವೆದಿದೆಯೆಂದೇ ಹೇಳಿದ್ದರು; ಯಜಮಾನರೂ ಇದನ್ನು ಹಾಗೆಯೇ ಒಪ್ಪಿಕೊಂಡರು. “ಆ ದಿನ ಬಂದಾಗ ನಿನ್ನ ಮಾತು ನಡೆಯಲಿ” ಎಂದರು.

ಮಗನು ಏನನ್ನೂ ಹೇಳದೆ ಎದ್ದು, ಎರಡನೆಯ ಲೋಟಕ್ಕೆ ಪುಡಿಯನ್ನು ಒತ್ತತೊಡಗಿದನು. ತೊಟ್ಟಿಯಲ್ಲಿ ನೀರು ಕಡಮೆಯಾಗಿದ್ದಿತು. ಅವನು ರೂಢಿಯಂತೆ ಚೊಂಬನ್ನು ನಲ್ಲಿಯ ಕೆಳಗೆ ಹಿಡಿದನು. ತಂದೆತಾಯಿಗಳಿಬ್ಬರೂ ಒಟ್ಟಿಗೆ, “ಅದಲ್ಲ, ಕ್ಯಾನಿನದು” ಎಂದರು.